1794ರ ಮೆಕ್ಸಿಕೊ ಚರ್ಚ್ ಪುಸ್ತಕದಲ್ಲಿ 'ಇಹಾ ನತುರಾಲ್', 1812ರಲ್ಲಿ 'ಇಹಾ ಲೆಹಿತಿಮಾ' – ಇಬ್ಬರೂ ಒಬ್ಬಳೇನಾ?

ಮೈಸೂರು_ಸ್ಯಾನ್‌ಆಂಟೋನಿಯೊ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಮದುವೆಯಾದ ಮೇಲೆ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದೇನೆ. ಗಂಡನ ಮನೆಯವರು ಮೂಲದಲ್ಲಿ ಮೆಕ್ಸಿಕೊದ ಸಾಲ್ತಿಯೊ ಊರಿನವರು. ಮಗಳು ಎರಡೂ ಕಡೆಯ ವಂಶವೃಕ್ಷ ಬರೆಯಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮ ಕಡೆ ಅಜ್ಜಿ ಬಾಯಲ್ಲಿ ಬಂದಷ್ಟು ಹೆಸರು, ಅದರಾಚೆ ಕಾಗದ ಅನ್ನೋದೇ ಇಲ್ಲ. ಆ ಕಡೆ ನೋಡಿದರೆ ವಂಶದಾಖಲೆಗಳ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಚರ್ಚ್ ಪುಸ್ತಕಗಳ ಪುಟಗಳೇ ಸಿಗುತ್ತಿವೆ, 1700ರ ದಶಕಗಳವು ಕೂಡ.

ಈಗ ತೊಂದರೆ ಏನಂದ್ರೆ, ಅತ್ತೆಗೆ ಸ್ಪ್ಯಾನಿಷ್ ಮಾತೃಭಾಷೆ, ಆದರೆ ಹಳೇ ಬರವಣಿಗೆ ಅವರಿಗೂ ಸರಿಯಾಗಿ ಓದಲು ಬರುವುದಿಲ್ಲ. 1794ರ ಒಂದು ಜ್ಞಾನಸ್ನಾನದ ದಾಖಲೆಯಲ್ಲಿ 'ಇಹಾ ನತುರಾಲ್', ಅಂದರೆ ಮದುವೆಯಾಗದವರ ಮಗಳು, ಅನ್ನೋದನ್ನು ಮಾತ್ರ ಓದಿದರು. ಆಮೇಲೆ ಮಾತೇ ಆಡಲಿಲ್ಲ. 'ಇದನ್ನು ಮಗುವಿನ ಮರದಲ್ಲಿ ಬರೀಬೇಡ' ಅಂದರು. ಅದೇ ಹೆಸರಿನ ಹುಡುಗಿಯ ಮದುವೆ 1812ರಲ್ಲಿದೆ, ತಂದೆ ತಾಯಿ ಹೆಸರೂ ಅವೇ, ಆದರೆ ಅಲ್ಲಿ 'ಇಹಾ ಲೆಹಿತಿಮಾ', ಅಂದರೆ ಮದುವೆಯಾದವರ ಸಕ್ರಮ ಮಗಳು, ಅಂತಿದೆ. ಹಾಗಾದರೆ ಇಬ್ಬರು ಬೇರೆ ಬೇರೆ ಹುಡುಗಿಯರಾ? ಮತ್ತೆ ಅವಳನ್ನು 'ಎಸ್ಪನ್ಯೋಲಾ' ಅಂತ ಬರೆದಿದ್ದಾರೆ, ಅಂದರೆ ಸ್ಪೇನ್‌ನಿಂದ ಬಂದವರಾ? ತಿಂಗಳ ಜಾಗದಲ್ಲಿ '8ಬ್ರೆ' ಅಂತಿದೆ, ಅದು ಆಗಸ್ಟಾ?

ಹೆಸರುಗಳನ್ನು ಬಿಟ್ಟು, ನನಗೆ ಓದಲಾದಷ್ಟನ್ನು ಕನ್ನಡ ಅಕ್ಷರದಲ್ಲಿ ಹಾಕುತ್ತಿದ್ದೇನೆ:

'ಎನ್ ಲಾ ಪರ್ರೋಕಿಯಾ ದೆಲ್ ಸಾಲ್ತಿಯೊ, ಎನ್ ನುವೆವೆ ದಿಯಾಸ್ ದೆ 8ಬ್ರೆ ದೆ 1794, ಯೊ ಎಲ್ ತೆನಿಯೆಂತೆ ದೆ ಕೂರಾ ಬವುತಿಸೆ ಸೊಲೆಮ್ನೆಮೆಂತೆ, ಪೂಸೆ ಲೋಸ್ ಸಾಂತೋಸ್ ಓಲೆಯೋಸ್ ಇ ಕ್ರಿಸ್ಮಾ ಆ ... ಎಸ್ಪನ್ಯೋಲಾ ದೆ ಸಿಂಕೊ ದಿಯಾಸ್ ನಸೀದಾ, ಇಹಾ ನತುರಾಲ್ ದೆ ... ವೆಸಿನೋಸ್ ದೆ ಎಸ್ತಾ ವಿಯಾ. ಫುವೆರೋನ್ ಸುಸ್ ಪದ್ರಿನೋಸ್ ... ಆ ಕಿಯೆನೆಸ್ ಅದ್ವೆರ್ತೀ ಸು ಒಬ್ಲಿಗಸಿಯೋನ್ ಇ ಪರೆಂತೆಸ್ಕೊ ಎಸ್ಪಿರಿತುವಾಲ್.'

ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬಿಡಿಸಿ ಹೇಳಿ. ಅತ್ತೆಗೆ ಸಮಾಧಾನ ಆಗುವಂಥ ಉತ್ತರ ಬೇಡ, ನಿಜವಾದ ಉತ್ತರ ಬೇಕು.

ಕಡತ_ಓದುವವ:

ತುಂಬಾ ಒಳ್ಳೆ ಪುಟ ಹಾಕಿದ್ದೀರಿ. ಬಹಳ ವರ್ಷದಿಂದ ಸ್ಪ್ಯಾನಿಷ್ ಕಡತಗಳನ್ನೇ ಓದುತ್ತಿದ್ದೇನೆ, ಹಾಗಾಗಿ ಉತ್ತರ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಮೊದಲು ಸುಲಭದ್ದು. 8ಬ್ರೆ ಅಂದರೆ ಆಗಸ್ಟ್ ಅಲ್ಲ, ಅಕ್ಟೋಬರ್. ಸ್ಪ್ಯಾನಿಷ್‌ನಲ್ಲಿ ಎಂಟಕ್ಕೆ 'ಓಚೊ', ತಿಂಗಳು 'ಒಕ್ತೂಬ್ರೆ', ಅದಕ್ಕೆ 8 ಬರೆದು ಬಾಲ ಸೇರಿಸುತ್ತಿದ್ದರು. ಹಾಗೇ 7ಬ್ರೆ ಸೆಪ್ಟೆಂಬರ್, 9ಬ್ರೆ ನವೆಂಬರ್, ಎಕ್ಸ್ ಅಕ್ಷರದ ಪಕ್ಕ ಬ್ರೆ ಇದ್ದರೆ ಡಿಸೆಂಬರ್. ಇದನ್ನು ಗೊತ್ತಿಲ್ಲದೆ ಏಳನೇ ತಿಂಗಳು, ಎಂಟನೇ ತಿಂಗಳು ಅಂತ ಆನ್‌ಲೈನ್ ಮರಗಳಲ್ಲಿ ಹಾಕಿಬಿಟ್ಟಿರುತ್ತಾರೆ. ಬೇರೆಯವರ ಮರದಿಂದ ತಾರೀಖು ಎತ್ತಿಕೊಳ್ಳುವ ಮುಂಚೆ ಪುಟವನ್ನೇ ನೋಡಿ.

ಎರಡನೇದು. ಈ ದಾಖಲೆ ಪಾದ್ರಿ ಯೋಚಿಸಿ ಬರೆದ ಬರಹ ಅಲ್ಲ. ಒಂದು ಅಚ್ಚು ಇದೆ, ಅದರಲ್ಲಿ ಖಾಲಿ ಜಾಗ ತುಂಬುತ್ತಾ ಹೋಗುತ್ತಾರೆ. ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ 1563ರಲ್ಲಿ ಮುಗಿಯಿತು. ಪ್ರತಿ ಚರ್ಚೂ ಜ್ಞಾನಸ್ನಾನ, ಮದುವೆಯ ಪುಸ್ತಕ ಇಡಲೇಬೇಕು ಅನ್ನೋ ನಿಯಮ ಅಲ್ಲಿಂದ ಬಂತು. ಸಾವಿನ ಪುಸ್ತಕದ ನಿಯಮ 1614ರದು. ಅದಕ್ಕೇ ಸಾಲ್ತಿಯೊ ಪುಸ್ತಕಕ್ಕೂ ಸ್ಪೇನ್‌ನ ಸೆವಿಯಾ ಪುಸ್ತಕಕ್ಕೂ ವಾಕ್ಯ ಹೆಚ್ಚುಕಡಿಮೆ ಒಂದೇ. ಆ ಅಚ್ಚು ಒಮ್ಮೆ ಬಾಯಿಪಾಠ ಆದರೆ ಅರ್ಧ ಅಕ್ಷರ ಮಾಸಿದ್ದರೂ ಓದಬಹುದು. 'ತೆನಿಯೆಂತೆ ದೆ ಕೂರಾ' ಅಂದರೆ ಮುಖ್ಯ ಪಾದ್ರಿಯ ಬದಲಿಗೆ ಕೆಲಸ ಮಾಡುವ ಸಹಾಯಕ ಪಾದ್ರಿ. 'ಓಲೆಯೋಸ್ ಇ ಕ್ರಿಸ್ಮಾ' ಪವಿತ್ರ ತೈಲ. 'ದೆ ಸಿಂಕೊ ದಿಯಾಸ್ ನಸೀದಾ' ಹುಟ್ಟಿ ಐದು ದಿನ. ಅಂದರೆ ಮಗು ಹುಟ್ಟಿದ್ದು ಅಕ್ಟೋಬರ್ 4ರ ಸುಮಾರಿಗೆ, 9 ಅನ್ನೋದು ಜ್ಞಾನಸ್ನಾನದ ದಿನ. ಕೊನೆಯ ಸಾಲು, ಪದ್ರಿನೋಸ್ ಅಂದರೆ ಧರ್ಮಪಿತ ಧರ್ಮಮಾತೆಗೆ ಅವರ ಹೊಣೆ ಏನು, ಮಗುವಿನ ಜೊತೆ ಎಂಥ ಆಧ್ಯಾತ್ಮಿಕ ನೆಂಟಸ್ತನ ಹುಟ್ಟಿತು ಅಂತ ಪಾದ್ರಿ ತಿಳಿಸಿ ಹೇಳಿದ್ದು. ಇದು ಬರೀ ಔಪಚಾರಿಕ ಮಾತಲ್ಲ. ಆ ನೆಂಟಸ್ತನ ಆದವರ ನಡುವೆ ಮದುವೆ ನಿಷಿದ್ಧ ಆಗುತ್ತಿತ್ತು.

ಮೂರನೇದು, 'ಎಸ್ಪನ್ಯೋಲಾ'. ಸ್ಪೇನ್‌ನಲ್ಲಿ ಹುಟ್ಟಿದವಳು ಅಂತ ಅಲ್ಲ. ಸ್ಪೇನ್ ಆಳುತ್ತಿದ್ದ ಆ ಕಾಲದ ಮೆಕ್ಸಿಕೊ, ಅಂದರೆ ನವ ಸ್ಪೇನ್‌ನಲ್ಲಿ ಇದು 'ಕಲಿದಾದ್', ಅಂದರೆ ಸಮಾಜದಲ್ಲಿ ಯಾವ ದರ್ಜೆಯವಳು ಅನ್ನೋ ಲೆಕ್ಕ. ಎಸ್ಪನ್ಯೋಲ್, ಇಂಡಿಯೊ (ಮೂಲನಿವಾಸಿ), ಮೆಸ್ತಿಸೊ (ಇವೆರಡೂ ಬೆರೆತವರು), ಕಸ್ತೀಸೊ, ಮುಲಾತೊ, ಕೊಯೊತೆ, ಲೋಬೊ, ಹೀಗೆ ಒಂದು ಸಾಲು. ತಲೆತಲಾಂತರದಿಂದ ಮೆಕ್ಸಿಕೊದಲ್ಲೇ ಹುಟ್ಟಿ ಬೆಳೆದವರೂ ಎಸ್ಪನ್ಯೋಲ್. ನಿಜವಾಗಿ ಸ್ಪೇನ್‌ನಿಂದ ಬಂದವರನ್ನು 'ನತುರಾಲ್ ದೆ ಲೋಸ್ ರೇಯ್ನೋಸ್ ದೆ ಕಸ್ತಿಯಾ', ಅಂದರೆ ಕಸ್ತಿಯಾ ರಾಜ್ಯಗಳಲ್ಲಿ ಹುಟ್ಟಿದವರು, ಅಂತ ಬರೆಯುತ್ತಿದ್ದರು, ಊರ ಹೆಸರೂ ಸಾಮಾನ್ಯವಾಗಿ ಇರುತ್ತಿತ್ತು. ಮತ್ತೆ ಈ ಕಲಿದಾದ್ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಜ್ಞಾನಸ್ನಾನದಲ್ಲಿ ಮೆಸ್ತಿಸೊ ಇದ್ದವನು ಮದುವೆ ಹೊತ್ತಿಗೆ ಎಸ್ಪನ್ಯೋಲ್ ಆಗಿರೋದು ತೀರಾ ಸಾಮಾನ್ಯ. ಪಾದ್ರಿಗೆ ಕಂಡಂತೆ, ಊರಲ್ಲಿ ಹೆಸರಿದ್ದಂತೆ, ಕೈಲಿ ಕಾಸಿದ್ದಂತೆ ಅದು ಬದಲಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ 1822ರಲ್ಲಿ ಈ ಜಾತಿ ಬರೆಯೋದನ್ನೇ ನಿಷೇಧಿಸಿದರು. ಅದಕ್ಕೇ ಆಮೇಲಿನ ಪುಟಗಳಲ್ಲಿ ಇದು ಥಟ್ಟನೆ ಮಾಯ ಆಗಿರುತ್ತದೆ.

ಇನ್ನು ನತುರಾಲ್. ಇದು ಮೂರು ಜಾಗದಲ್ಲಿ ಮೂರು ಕೆಲಸ ಮಾಡುತ್ತದೆ, ಪುಟದಲ್ಲಿ ಎಲ್ಲಿ ಕೂತಿದೆ ಅನ್ನೋದೇ ಮುಖ್ಯ. 'ನತುರಾಲ್ ದೆ' ಆದ ಮೇಲೆ ಊರಿದ್ದರೆ ಆ ಊರಲ್ಲಿ ಹುಟ್ಟಿದವರು. 'ಲೋಸ್ ನತುರಾಲೆಸ್' ಅಂದರೆ ಅಲ್ಲಿನ ಮೂಲನಿವಾಸಿಗಳು. 'ಇಹೊ' (ಮಗ) ಅಥವಾ 'ಇಹಾ' (ಮಗಳು) ಆದ ಮೇಲೆ ಬಂದರೆ ತಂದೆ ತಾಯಿಗೆ ಆಗ ಮದುವೆ ಆಗಿರಲಿಲ್ಲ, ಆದರೆ ಇಬ್ಬರೂ ಮದುವೆಗೆ ಅರ್ಹರು, ಅಂದರೆ ಯಾರಿಗೂ ಬೇರೆ ಗಂಡ ಹೆಂಡತಿ ಇಲ್ಲ ಅಂತ. ನಿಮ್ಮ ಪುಟದಲ್ಲಿರೋದು ಈ ಮೂರನೇದೇ. ಅತ್ತೆಯವರು ಸರಿಯಾಗಿಯೇ ಓದಿದ್ದಾರೆ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ತಂದೆ ತಾಯಿ ಆಮೇಲೆ ಮದುವೆಯಾದರೆ ಆ ಮಗು ಚರ್ಚಿನ ಕಾನೂನಿನಲ್ಲೂ ರಾಜನ ಕಾನೂನಿನಲ್ಲೂ ಲೆಹಿತಿಮಾ ಆಗುತ್ತಿತ್ತು. ಹಾಗಾಗಿ 1794ರ ನತುರಾಲ್ ಮತ್ತು 1812ರ ಲೆಹಿತಿಮಾ ಒಬ್ಬಳೇ ಇರಬಹುದು. 1794ರ ನವೆಂಬರ್‌ನಿಂದ ಮುಂದಕ್ಕೆ ಮದುವೆ ಪುಸ್ತಕ ಪುಟಪುಟ ತಿರುಗಿಸಿ. ಜ್ಞಾನಸ್ನಾನದ ಪುಟದ ಅಂಚಿನಲ್ಲಿ ಏನಾದರೂ ಸಣ್ಣ ಬರಹ ಇದೆಯಾ ಅಂತಲೂ ನೋಡಿ.

ಕಡಲತಡಿ_ಇಗರ್ಜಿ:

ಮಂಗಳೂರಿನಿಂದ. ನಮ್ಮ ಇಗರ್ಜಿಯ ಹಳೇ ಪುಸ್ತಕ ಲ್ಯಾಟಿನ್‌ನಲ್ಲಿದೆ, ಆದರೂ ಮೇಲಿನ ಸಾಲು ಓದಿದಾಗ ಮೈ ಜುಂ ಅಂತು, ಅದೇ ಅಚ್ಚು! ಪದ್ರಿನ್, ಮದ್ರಿನ್ ನಮ್ಮ ಮನೆಯಲ್ಲಿ ಇವತ್ತಿಗೂ ದಿನನಿತ್ಯದ ಮಾತು, ಅದು ಪೋರ್ಚುಗೀಸರಿಂದ ಬಂದದ್ದು.

ಒಂದು ಮಾತು ಸೇರಿಸುತ್ತೇನೆ. ಪದ್ರಿನೋಸ್ ಹೆಸರು ಬಿಡಬೇಡಿ. ಎಲ್ಲರೂ ತಂದೆ ತಾಯಿ ಹೆಸರು ಬರೆದುಕೊಂಡು ಮುಂದೆ ಹೋಗುತ್ತಾರೆ. ಧರ್ಮಪಿತರು ಸಾಮಾನ್ಯವಾಗಿ ಅಜ್ಜ, ಚಿಕ್ಕಪ್ಪ, ಸೋದರಮಾವ, ಇಲ್ಲಾ ಮನೆಗೆ ಬೇಕಾದವರು. ತಂದೆ ತಾಯಿ ಹೆಸರು ತೀರಾ ಸಾಮಾನ್ಯ ಆಗಿದ್ದು ಒಂದೇ ಊರಲ್ಲಿ ಮೂರು ಜೋಡಿ ಇದ್ದರೆ, ಪದ್ರಿನೋಸ್ ಮೂಲಕವೇ ಯಾವ ಜೋಡಿ ಅಂತ ಗೊತ್ತಾಗೋದು.

ಮೈಸೂರು_ಸ್ಯಾನ್‌ಆಂಟೋನಿಯೊ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಣ್ಣು ತೆರೆಸಿದಿರಿ. ಅಂಚಿನಲ್ಲಿ ಹುಡುಗಿಯ ಹೆಸರು ಮತ್ತು 'ಎಸ್ಪನ್ಯೋಲಾ' ಬಿಟ್ಟರೆ ಬೇರೆ ಏನೂ ಇಲ್ಲ. ಮದುವೆ ಪುಸ್ತಕ ಇವತ್ತಿನಿಂದ ಶುರು.

ಅಷ್ಟರಲ್ಲಿ ಇನ್ನೊಂದೆರಡು ಅನುಮಾನ. 'ವೆಸಿನೋಸ್' ಅಂದರೆ ನೆರೆಹೊರೆಯವರು ಅಂತ ಅತ್ತೆ ಹೇಳುತ್ತಾರೆ. ಯಾರ ನೆರೆಹೊರೆ? ಮತ್ತೆ ಅದೇ ಕುಟುಂಬದ ಸಾವಿನ ಪುಟ ಸಿಕ್ಕಿದೆ, 1833ರದು, 'ಕೋಲೆರಾ' ಅಂತ ಓದಲಿಕ್ಕಾಯಿತು. ಕೊನೆಯಲ್ಲಿ 'ನೊ ತೆಸ್ತೊ ಪೋರ್ ನೊ ತೆನೆರ್ ದೆ ಕೆ' ಅಂತ ಇದೆ. ಅದಕ್ಕೂ ಹಿಂದೆ 1798ರಲ್ಲಿ ಒಂದು 'ಪಾರ್ವುಲೊ', ಹೆಸರು ಇದೆ, ವಯಸ್ಸಿಲ್ಲ.

ಕಡತ_ಓದುವವ:

ವೆಸಿನೊ ಅಂದರೆ ಇವತ್ತಿನ ಮಾತಿನಲ್ಲಿ ಪಕ್ಕದ ಮನೆಯವನು. ಆದರೆ ದಾಖಲೆಯಲ್ಲಿ ಆ ಊರಲ್ಲಿ ಮನೆ ಹೂಡಿ, ಊರಿನ ಹಕ್ಕು ಹೊಣೆ ಎರಡೂ ಇದ್ದವನು. ನಮ್ಮಲ್ಲಿ ಒಕ್ಕಲು ಅಂತೀವಲ್ಲ, ಹೆಚ್ಚುಕಡಿಮೆ ಆ ಅರ್ಥ. ವೆಸಿನೊ ಅಂದ ಮಾತ್ರಕ್ಕೆ ಅಲ್ಲೇ ಹುಟ್ಟಿದವನಲ್ಲ. 'ಒರಿಹಿನಾರಿಯೊ ದೆ' (ಇಂಥ ಊರಿನ ಮೂಲದವನು) ಮತ್ತು 'ವೆಸಿನೊ ದೆ' ಎರಡೂ ಇದ್ದರೆ ಎರಡು ಊರನ್ನೂ ಬರೆದಿಟ್ಟುಕೊಳ್ಳಿ. ಮೊದಲನೇದು ನೀವು ಮುಂದೆ ಹುಡುಕಬೇಕಾದ ಚರ್ಚು.

ನೊ ತೆಸ್ತೊ ಪೋರ್ ನೊ ತೆನೆರ್ ದೆ ಕೆ: ಉಯಿಲು ಬರೆಯಲಿಲ್ಲ, ಬರೆಯಲು ಆಸ್ತಿ ಇರಲಿಲ್ಲ. ಬಡವರ ಸಾವಿನ ಪುಟದಲ್ಲಿ ಮತ್ತೆ ಮತ್ತೆ ಬರುವ ಸಾಲು. ಓದುವಾಗ ಹೊಟ್ಟೆ ಚುರ್ ಅನ್ನುತ್ತದೆ. 1833ರಲ್ಲಿ ಮೆಕ್ಸಿಕೊದಲ್ಲಿ ಕಾಲರಾ ಹಾವಳಿ ಇತ್ತು, ನಿಮ್ಮ ಪುಟದ ಹಿಂದೆ ಮುಂದೆಯೂ ಅದೇ ಕಾರಣ ತುಂಬಿರುತ್ತದೆ. ಮೂರು ಸಂಸ್ಕಾರ ಕೊಟ್ಟರಾ ಇಲ್ಲವಾ ಅಂತಲೂ ಬರೆದಿರುತ್ತಾರೆ: ಪೆನಿತೆನ್ಸಿಯಾ, ಎವುಕರಿಸ್ತಿಯಾ, ಎಕ್ಸ್‌ತ್ರೆಮವುನ್ಸಿಯೋನ್, ಅಂದರೆ ಪಾಪನಿವೇದನೆ, ಪರಮಪ್ರಸಾದ, ಅಂತ್ಯಾಭ್ಯಂಜನ. ಕೊಡಲಿಲ್ಲ ಅಂದರೆ ಯಾಕೆ ಅಂತ ಕಾರಣ ಇರುತ್ತದೆ, ಸಾವು ಹಠಾತ್ತನೆ ಬಂತು ಅಂತ, ಇಲ್ಲಾ ಕರೆಯಲು ಯಾರೂ ಬರಲಿಲ್ಲ ಅಂತ. ಈ ಒಂದು ಸಾಲಿನಿಂದ ಸಾವು ಹೇಗಾಯಿತು ಅನ್ನೋದು ರೋಗದ ಹೆಸರಿಗಿಂತ ಜಾಸ್ತಿ ತಿಳಿಯುತ್ತದೆ.

ಪಾರ್ವುಲೊ ಅಂದರೆ ಪುಟ್ಟ ಮಗು, ಸಾಮಾನ್ಯವಾಗಿ ಏಳು ವರ್ಷದೊಳಗೆ. ಪಾಪ ಪುಣ್ಯ ತಿಳಿಯುವ ವಯಸ್ಸಿಗೆ ಮುಂಚೆ ಸತ್ತದ್ದು, ಹಾಗಾಗಿ ಸಂಸ್ಕಾರದ ಮಾತೇ ಬರುವುದಿಲ್ಲ. 1797-98ರಲ್ಲಿ ನವ ಸ್ಪೇನ್‌ನಲ್ಲಿ ಸಿಡುಬು ಭೀಕರವಾಗಿ ಹಬ್ಬಿತ್ತು. 'ವಿರುವೇಲಾಸ್' ಅಂತ ಇದೆಯಾ ನೋಡಿ. ಸಿಡುಬಿನ ಲಸಿಕೆ ಹೊತ್ತ ಬಾಲ್ಮಿಸ್ ತಂಡ ಸ್ಪೇನ್‌ನಿಂದ ಹೊರಟಿದ್ದು 1803ರಲ್ಲಿ, ಈ ಮಗುವಿಗೆ ಅದು ದಕ್ಕಲಿಲ್ಲ. ಉಳಿದ ರೋಗದ ಹೆಸರುಗಳಲ್ಲಿ 'ತಬರ್ದಿಯೊ' ಟೈಫಸ್ ಥರದ ಜ್ವರ, 'ದೊಲೋರ್ ದೆ ಕೊಸ್ತಾದೊ' ಪಕ್ಕೆನೋವು, ಹೆಚ್ಚಾಗಿ ನ್ಯುಮೋನಿಯಾ, 'ಅಲ್ಫೆರೆಸಿಯಾ' ಮಕ್ಕಳ ಫಿಟ್ಸು, 'ಇದ್ರೊಪೆಸಿಯಾ' ಮೈ ಬಾವು, 'ದೆ ಪಾರ್ತೊ' ಹೆರಿಗೆಯಲ್ಲಿ. ಆದರೆ ಇವನ್ನು ಇವತ್ತಿನ ವೈದ್ಯರ ರೋಗನಿರ್ಣಯ ಅಂತ ಮರದಲ್ಲಿ ಬರೆಯಬೇಡಿ. ಮನೆಯವರು ಹೇಳಿದ್ದನ್ನು ಪಾದ್ರಿ ಬರೆದುಕೊಂಡದ್ದು ಅಷ್ಟೇ. ಹಳೇ ಮಾತನ್ನು ಹಾಗೇ ಇಟ್ಟು ಪಕ್ಕದಲ್ಲಿ ಅರ್ಥ ಬರೆಯಿರಿ.

ಹಾಸನ_ಅಟ್ಲಾಂಟಾ:

ನನಗೆ ಮೆಕ್ಸಿಕೊ ಸಂಬಂಧ ಏನೂ ಇಲ್ಲ, ಸುಮ್ನೆ ಓದುತ್ತಿದ್ದೆ. ಆದರೆ ಒಂದು ಕುತೂಹಲ. ಈ ಪುಸ್ತಕಗಳಲ್ಲಿ ಸಾಲುಸಾಲಾಗಿ 'ಇಂಡಿಯೊ' ಅಂತ ಬರುತ್ತದಲ್ಲ, ಅದು ಅಲ್ಲಿನ ಮೂಲನಿವಾಸಿಗಳು ಅಂತ ಗೊತ್ತು. ನಿಜವಾಗಿ ನಮ್ಮ ಇಂಡಿಯಾದವರು ಯಾರಾದರೂ ಅಲ್ಲಿ ಇದ್ದರಾ? ಇದ್ದಿದ್ದರೆ ಅವರನ್ನು ಏನಂತ ಬರೆಯುತ್ತಿದ್ದರು?

ಕಡತ_ಓದುವವ:

ಇದ್ದರು. 'ಚಿನೊ' ಅಂತ ಬರೆಯುತ್ತಿದ್ದರು. 1565ರಿಂದ 1815ರವರೆಗೆ ಮನಿಲಾ ಮತ್ತು ಅಕಾಪುಲ್ಕೊ ನಡುವೆ ಸ್ಪ್ಯಾನಿಷ್ ಹಡಗು ಓಡುತ್ತಿತ್ತು. ಆ ದಾರಿಯಲ್ಲಿ ಬಂದ ಏಷ್ಯಾದವರೆಲ್ಲ, ಫಿಲಿಪೀನ್ಸ್‌ನವರಿರಲಿ, ಬಂಗಾಳದವರಿರಲಿ, ಮಲಬಾರಿನವರಿರಲಿ, ದಾಖಲೆಯಲ್ಲಿ ಚಿನೊ. ಪೋರ್ಚುಗೀಸ್ ವ್ಯಾಪಾರಿಗಳು ಗುಲಾಮರನ್ನಾಗಿ ಮಾರಿದವರೇ ಬಹಳ ಜನ. ಅವರ ಹೆಸರಿನ ಮುಂದೆ ಕೆಲವೊಮ್ಮೆ 'ನತುರಾಲ್ ದೆ ಲಾ ಇಂಡಿಯಾ ದೆ ಪೊರ್ತುಗಾಲ್' ಅಂತ ಇರುತ್ತದೆ.

ಅವರಲ್ಲಿ ಹೆಸರು ಉಳಿದವಳು ಕತಾರಿನಾ ದೆ ಸಾನ್ ಹುವಾನ್. ಮೊಘಲರ ಕಾಲದ ಭಾರತದ ಹುಡುಗಿ. ಅವಳನ್ನು ಹಿಡಿದು ಕೊಚ್ಚಿಗೆ ತಂದರು, ಅಲ್ಲಿಂದ ಮನಿಲಾ, ಅಲ್ಲಿಂದ ಮೆಕ್ಸಿಕೊದ ಪುಯೆಬ್ಲಾ ಊರು. ಅಲ್ಲೇ 1688ರಲ್ಲಿ ತೀರಿಕೊಂಡಳು. ಊರವರು ಅವಳನ್ನು ಸಂತಳಂತೆ ಕಂಡರು. ಆಮೇಲೆ ಜನರ ಬಾಯಲ್ಲಿ ಅವಳು ಮೆಕ್ಸಿಕೊದ 'ಚಿನಾ ಪೊಬ್ಲಾನಾ' ಅನ್ನೋ ಉಡುಗೆಯ ಜೊತೆ ಸೇರಿಹೋದಳು, ಆ ಉಡುಗೆ ನಿಜಕ್ಕೂ ಅವಳದಲ್ಲ. ತನ್ನ ಹುಟ್ಟುಹೆಸರಿನಿಂದ ಯಾವ ಪುಸ್ತಕದಲ್ಲೂ ಉಳಿಯದೆ ಹೋದ ಎಷ್ಟೋ ಜನರ ಪರವಾಗಿ ಅವಳೊಬ್ಬಳು ಕಾಣುತ್ತಾಳೆ, ನನಗಂತೂ ಅವಳ ಬಗ್ಗೆ ಬಹಳ ಗೌರವ.

ಒಂದು ಎಚ್ಚರ. 1700ರ ದಶಕದ ಮೆಕ್ಸಿಕೊ ದಾಖಲೆಯಲ್ಲಿ ಚಿನೊ ಕಂಡ ತಕ್ಷಣ ಏಷ್ಯಾ ಅಂತ ಹಾರಬೇಡಿ. ಆಗ ಅದನ್ನು ಆಫ್ರಿಕಾ ಮೂಲ ಮತ್ತು ಮೂಲನಿವಾಸಿ ಬೆರೆತವರಿಗೂ ಬಳಸುತ್ತಿದ್ದರು.

ಮನಿಲಾ_ಕನ್ನಡತಿ:

ಮನಿಲಾದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲಿನ ಗೆಳತಿಯರ ಮನೆತನದ ಹೆಸರು ನೋಡಿ ಇವರೆಲ್ಲ ಸ್ಪೇನ್ ರಕ್ತದವರು ಅಂತ ಹೊಸದಾಗಿ ಬಂದವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. 1849ರಲ್ಲಿ ಗವರ್ನರ್ ಕ್ಲಾವೇರಿಯಾ ಹೊರಡಿಸಿದ ಆದೇಶದಂತೆ ಒಂದು ಹೆಸರಿನ ಪಟ್ಟಿ ಊರೂರಿಗೆ ಹೋಯಿತು, ಅದರಿಂದ ಕುಟುಂಬಗಳಿಗೆ ಅಡ್ಡಹೆಸರು ಹಂಚಿದರು. ಕೆಲವು ಪ್ರಾಂತಗಳಲ್ಲಿ ಒಂದಿಡೀ ಊರಿನ ಹೆಸರು ಒಂದೇ ಅಕ್ಷರದಿಂದ ಶುರು ಆಗುತ್ತದೆ. ಹಾಗಾಗಿ ಇಲ್ಲಿ 1849ಕ್ಕಿಂತ ಹಿಂದೆ ಹೋಗುವವರು ಅಡ್ಡಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ. ಊರು, ಬರಂಗಾಯ್ (ಊರೊಳಗಿನ ಸಣ್ಣ ವಿಭಾಗ), ತಂದೆ ತಾಯಿಯ ಮೊದಲ ಹೆಸರು, ಇವನ್ನೇ ಹಿಡಿಯಬೇಕು.

ಮೈಸೂರು_ಸ್ಯಾನ್‌ಆಂಟೋನಿಯೊ:

ಸಿಕ್ಕಿತು!! 1796ರಲ್ಲಿ ಮದುವೆ ಇದೆ. ಹೆಸರು ತಾಳೆ ಆಗುತ್ತಿದೆ, ಗಂಡಿನ ತಂದೆ ತಾಯಿ, ಹೆಣ್ಣಿನ ತಂದೆ ತಾಯಿ ಎಲ್ಲಾ ಇದೆ. ಅದರ ಜೊತೆ ಒಂದು ಸಾಲು ಅರ್ಥ ಆಗುತ್ತಿಲ್ಲ: 'ದಿಸ್ಪೆನ್ಸಾದೋಸ್ ಎನ್ ತೆರ್ಸೆರೊ ಕೋನ್ ಕುವಾರ್ತೊ ಗ್ರಾದೊ ದೆ ಕೊನ್ಸಂಗಿನಿದಾದ್'. ಆಮೇಲೆ 'ಲಾಸ್ ತ್ರೆಸ್ ಅಮೊನೆಸ್ತಸಿಯೋನೆಸ್'. ಆಮೇಲೆ 'ವೆಲಾದೋಸ್'. ಅತ್ತೆ ಪಕ್ಕದಲ್ಲೇ ಕೂತು ಓದುತ್ತಿದ್ದಾರೆ, ಬೇಗ ಹೇಳಿ.

ಕಡತ_ಓದುವವ:

ಇದು ಕನ್ನಡದವರಿಗೆ ಅಮೆರಿಕದವರಿಗಿಂತ ಬೇಗ ಅರ್ಥ ಆಗುವ ವಿಷಯ. ಕೊನ್ಸಂಗಿನಿದಾದ್ ಅಂದರೆ ರಕ್ತಸಂಬಂಧ. ಗಂಡು ಹೆಣ್ಣು ಒಂದೇ ಮೂಲದವರು, ಅದಕ್ಕೆ ಬಿಷಪ್ಪರಿಂದ ಅನುಮತಿ ಬೇಕಾಯಿತು. ಆ ಅನುಮತಿಯೇ ದಿಸ್ಪೆನ್ಸಾ.

ಲೆಕ್ಕ ಹೀಗಿದೆ. ಒಡಹುಟ್ಟಿದವರು ಮೊದಲನೇ ಗ್ರಾದೊ, ಅಂದರೆ ಮೊದಲನೇ ಹಂತ. ಅವರ ಮಕ್ಕಳು ಪರಸ್ಪರ ಎರಡನೇದು, ಅಂದರೆ ಅಜ್ಜ ಒಬ್ಬನೇ. ಮೊಮ್ಮಕ್ಕಳು ಮೂರನೇದು, ಅಂದರೆ ಮುತ್ತಜ್ಜ ಒಬ್ಬನೇ. ಮರಿಮಕ್ಕಳು ನಾಲ್ಕನೇದು. ನಾಲ್ಕನೇದರವರೆಗೂ ನಿಷಿದ್ಧ ಅನ್ನೋ ನಿಯಮ 1215ರಿಂದ ಇತ್ತು. ತೆರ್ಸೆರೊ ಕೋನ್ ಕುವಾರ್ತೊ ಅಂದರೆ ಮೂರರ ಜೊತೆ ನಾಲ್ಕು. ಮೂಲಪುರುಷ ಒಬ್ಬರಿಗೆ ಮುತ್ತಜ್ಜ, ಇನ್ನೊಬ್ಬರಿಗೆ ಮುತ್ತಜ್ಜನ ಅಪ್ಪ. ನಮ್ಮ ಕಡೆ ಸೋದರಮಾವನ ಮಗಳನ್ನು, ಅಕ್ಕನ ಮಗಳನ್ನು ತಂದುಕೊಳ್ಳುವ ಮನೆಗಳಿಗೆ ಇದು ತೀರಾ ದೂರದ ಸಂಬಂಧ ಅನ್ನಿಸುತ್ತದೆ. ಅಲ್ಲಿ ಮಾತ್ರ ಇಷ್ಟು ದೂರಕ್ಕೂ ಕಾಗದ ಓಡಾಡಬೇಕಿತ್ತು. ಒಂದು ವಿನಾಯಿತಿ ಇತ್ತು: ಮೂಲನಿವಾಸಿಗಳಿಗೆ ಪೋಪ್ 3ನೇ ಪಾಲ್ 1537ರಲ್ಲೇ ಮೂರು ನಾಲ್ಕನೇ ಗ್ರಾದೊ ಸಡಿಲಿಸಿದ್ದರು. ಸಾಲ್ತಿಯೊ ಪಕ್ಕದಲ್ಲೇ ತ್ಲಾಸ್ಕಲಾದಿಂದ ಬಂದವರು 1591ರಲ್ಲಿ ಕಟ್ಟಿದ ಸಾನ್ ಎಸ್ತೆಬಾನ್ ಊರಿದೆಯಲ್ಲ, ಅಲ್ಲಿನವರ ಮದುವೆಗಳಿಗೆ ಇಂಥ ಕಡತ ಹುಡುಕಿದರೆ ಸಿಗದೇ ಇರಲು ಇದೂ ಒಂದು ಕಾರಣ.

ಅಮೊನೆಸ್ತಸಿಯೋನೆಸ್ ಅಂದರೆ ಮೂರು ಹಬ್ಬದ ದಿನ ಪೂಜೆಯ ಹೊತ್ತಿನಲ್ಲಿ ಎಲ್ಲರೆದುರು ಕೂಗಿ ಹೇಳೋದು, ಯಾರದಾದರೂ ತಕರಾರಿದ್ದರೆ ಹೇಳಿ ಅಂತ. ವೆಲಾದೋಸ್ ಅಂದರೆ ಮದುವೆ ಆದ ಮೇಲೆ ವಧೂವರರಿಗೆ ಪೂಜೆಯಲ್ಲಿ ಕೊಡುವ ವಿಶೇಷ ಆಶೀರ್ವಾದವೂ ಆಗಿದೆ ಅಂತ.

ಈಗ ಮುಖ್ಯ ಮಾತು. ಈ ಸಾಲನ್ನು ಮದುವೆ ಪುಸ್ತಕದಲ್ಲಿ ಓದಿ ನಿಲ್ಲಿಸಬೇಡಿ. ಮದುವೆಗೆ ಮುಂಚೆ ನಡೆದ ವಿಚಾರಣೆಯ ಬೇರೆ ಕಡತ ಇರುತ್ತದೆ, ಹೆಸರು 'ಇನ್ಫೊರ್ಮಸಿಯೋನ್ ಮತ್ರಿಮೊನಿಯಾಲ್' ಅಥವಾ 'ದಿಲಿಹೆನ್ಸಿಯಾಸ್'. ಅದರಲ್ಲಿ ಗಂಡಿನ ಹೇಳಿಕೆ, ಹೆಣ್ಣಿನ ಹೇಳಿಕೆ, ಸಾಕ್ಷಿಗಳು, ಮತ್ತೆ ದಿಸ್ಪೆನ್ಸಾ ಬೇಕಿದ್ದರೆ ವಂಶದ ಮರವನ್ನೇ ಬಿಡಿಸಿರುತ್ತಾರೆ. ಮೇಲೆ 'ತ್ರೋಂಕೊ' ಅಂತ ಮೂಲಪುರುಷ, ಕೆಳಗೆ ಎರಡು ಸಾಲು. ನಿಮ್ಮ ಮಗಳು ಬರೆಯುತ್ತಿರುವ ಮರವನ್ನು 1796ರಲ್ಲಿ ಒಬ್ಬ ಪಾದ್ರಿ ಆಗಲೇ ಬರೆದಿಟ್ಟಿರುತ್ತಾನೆ. ಹುಡುಕುವ ಜಾಗ ಸಾಲ್ತಿಯೊ ಚರ್ಚು, ಇಲ್ಲಾ ಧರ್ಮಪ್ರಾಂತದ ಕಡತ. 1777ರಲ್ಲಿ ಲಿನಾರೆಸ್ ಧರ್ಮಪ್ರಾಂತ ಶುರುವಾಯಿತು, ಅದು ಮೊಂತೆರ್ರೇ ಕಡೆ. ಅದಕ್ಕೂ ಹಿಂದಿನ ಮದುವೆ ಆದರೆ ಗ್ವಾದಲಹಾರಾದಲ್ಲಿ ನೋಡಬೇಕು.

ಕಡಲತಡಿ_ಇಗರ್ಜಿ:

ಸಂಬಂಧದ ಮಾತು ಬಂದಾಗ ಇದನ್ನು ಹೇಳಲೇಬೇಕು. ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಓದಿದರೆ ನೆಂಟಸ್ತನ ಗೋಜಲಾಗುತ್ತದೆ, ನೇರ ಕನ್ನಡಕ್ಕೆ ತಂದರೆ ಸಲೀಸು. 'ಕೊನ್ಸ್ವೆಗ್ರೋಸ್' ಅಂದರೆ ಬೀಗರು. 'ಕೊನ್ಕುನ್ಯೊ' ಅಂದರೆ ಷಡ್ಡಕ. ಇಂಗ್ಲಿಷ್‌ನಲ್ಲಿ ಇವೆರಡಕ್ಕೂ ಸರಿಯಾದ ಮಾತೇ ಇಲ್ಲ. 'ಯೆರ್ನೊ' ಅಳಿಯ, 'ನುವೆರಾ' ಸೊಸೆ, 'ಎಂತೆನಾದೊ' ಮಲಮಗ. ಆದರೆ 'ತಿಯೊ' ಮಾತ್ರ ಚಿಕ್ಕಪ್ಪನೂ ಹೌದು, ಸೋದರಮಾವನೂ ಹೌದು. ಯಾವ ಕಡೆಯವನು ಅಂತ ಆ ಮಾತು ಹೇಳುವುದಿಲ್ಲ, ಸಾಕ್ಷಿ ಹೇಳಿಕೆ ಓದಿಯೇ ತಿಳಿಯಬೇಕು.

ಮೈಸೂರು_ಸ್ಯಾನ್‌ಆಂಟೋನಿಯೊ:

ಬಹಳ ದಿನ ಆಯಿತು, ಕ್ಷಮಿಸಿ. ಕಡತ ಸಿಕ್ಕಿದೆ. ಅತ್ತೆ, ಮಗಳು, ನಾನು ಮೂವರೂ ಸೇರಿ ಅಕ್ಷರ ಅಕ್ಷರ ಓದಿದೆವು. ಇಲ್ಲಿ ಕಲಿತ ಅಚ್ಚು ಇಲ್ಲದಿದ್ದರೆ ಖಂಡಿತ ಆಗುತ್ತಿರಲಿಲ್ಲ. ಹೆಸರುಗಳನ್ನು ಎಲ್ಲಾ ಕಡೆ ಚುಟುಕಾಗಿಸಿದ್ದಾರೆ. ಕ್ರಿಸ್ತೋಬಾಲ್ ಅನ್ನೋದನ್ನು ಎಕ್ಸ್-ಪಿ-ಟಿ ಅಂತ ಶುರು ಮಾಡಿದ್ದಾರೆ, ಗೊನ್ಸಾಲೆಸ್ ಅನ್ನೋದಕ್ಕೆ ಮೊದಲ ಎರಡು ಮತ್ತು ಕೊನೆಯ ಎರಡು ಅಕ್ಷರ ಮಾತ್ರ.

ಗಂಡು ಹೆಣ್ಣು ಮೊದಲ ಬಾರಿ ಪಾದ್ರಿ ಮುಂದೆ ಹೋದಾಗ ಸಂಬಂಧದ ಮಾತು ಇಲ್ಲ. ವಯಸ್ಸಾದ ಸಾಕ್ಷಿಯೊಬ್ಬ ಇವರ ಹಿರಿಯರು ಒಂದೇ ಮನೆಯವರು ಅಂತ ಹೇಳಿದ್ದಾನೆ. ಅಲ್ಲಿಗೆ ಎಲ್ಲಾ ನಿಂತಿದೆ. ಆಮೇಲೆ ಅರ್ಜಿ. ಅದರಲ್ಲಿ ಕೊಟ್ಟ ಕಾರಣ ಎರಡು. ಒಂದು ಲ್ಯಾಟಿನ್‌ನಲ್ಲಿ 'ಅಂಗುಸ್ತಿಯಾ ಲೋಚಿ'. ಇನ್ನೊಂದು, ಇಬ್ಬರ ನಡುವೆ ಆಗಲೇ ಒಂದು ಮಗು ಇದೆ, ಹುಡುಗಿಯ ಮಾನ ಉಳಿಯಬೇಕು ಅಂತ. ಬಿಷಪ್ಪರ ಉತ್ತರದ ಕೊನೆಗೆ 'ಲೆಹಿತಿಮಾ ಲಾ ಪ್ರೋಲೆ ಆವಿದಾ ಇ ಪೋರ್ ಆವೇರ್' ಅಂತ ಇದೆ. ಅಂಗುಸ್ತಿಯಾ ಅಂದರೆ ಸಂಕಟ ಅಂತ ಅತ್ತೆ ಓದಿದರು, ಸರಿನಾ?

ಕಡತ_ಓದುವವ:

ಅಂಗುಸ್ತಿಯಾ ಲೋಚಿ ಅಂದರೆ ಊರು ಇಕ್ಕಟ್ಟು. ಊರು ಚಿಕ್ಕದು, ಅವಳ ದರ್ಜೆಗೆ ಒಪ್ಪುವ ವರ ಹುಡುಕಿದರೆ ಎಲ್ಲರೂ ನೆಂಟರೇ ಆಗುತ್ತಾರೆ ಅನ್ನೋ ಕಾರಣ. ದಿಸ್ಪೆನ್ಸಾ ಅರ್ಜಿಗಳಲ್ಲಿ ಇದು ಸದಾ ಇರುತ್ತದೆ. ಉತ್ತರದ ಕೊನೆಯ ಸಾಲು: ಆಗಲೇ ಹುಟ್ಟಿದ ಮಗುವೂ, ಮುಂದೆ ಹುಟ್ಟುವ ಮಕ್ಕಳೂ ಲೆಹಿತಿಮಾ ಅಂತ ಘೋಷಿಸಿದ್ದು.

ಅಲ್ಲಿಗೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. 1794ರವಳೂ 1812ರವಳೂ ಒಬ್ಬಳೇ. ಎರಡು ಪಾದ್ರಿಗಳೂ ಆಯಾ ದಿನಕ್ಕೆ ಸರಿಯಾಗಿಯೇ ಬರೆದಿದ್ದಾರೆ. ಕಟ್ಟುನಿಟ್ಟಾಗಿ ನೋಡಿದರೆ ನಿಷಿದ್ಧ ಸಂಬಂಧದ ಜೋಡಿಯ ಮಗುವನ್ನು ನತುರಾಲ್ ಅನ್ನುವ ಹಾಗಿಲ್ಲ, ಅದಕ್ಕೆ ಇನ್ನೂ ಕಠೋರವಾದ ಮಾತುಗಳಿವೆ. ಆದರೆ ಸಾಕ್ಷಿ ಹೇಳುವವರೆಗೂ ಆ ಸಂಬಂಧ ಕಾಗದದ ಮೇಲೆ ಬಂದಿರಲಿಲ್ಲವಲ್ಲ, ಹಾಗಾಗಿ ಜ್ಞಾನಸ್ನಾನದ ಪಾದ್ರಿ ತನಗೆ ತಿಳಿದದ್ದನ್ನು ಬರೆದ.

ಅತ್ತೆಯವರಿಗೆ ನನ್ನ ಪರವಾಗಿ ಒಂದು ಮಾತು ಹೇಳಿ. ಆ ಪದವನ್ನು ಮರದಿಂದ ಅಳಿಸಿದರೆ ಈ ಇಡೀ ಕಡತಕ್ಕೆ ದಾರಿಯೇ ಇರುವುದಿಲ್ಲ. ಪ್ರಶ್ನೆ ಹುಟ್ಟಿದ್ದೇ ಆ ಪದದಿಂದ. ಎರಡು ವರ್ಷ ಆ ತಾಯಿ ಊರವರ ಬಾಯಿಗೆ ಸಿಕ್ಕು, ಮಗುವನ್ನು ಎತ್ತಿಕೊಂಡು ಕಾಗದಕ್ಕೆ ಕಾದಿದ್ದಾಳೆ. ಅವಳ ಬಗ್ಗೆ ಉಳಿದಿರುವ ಬರಹ ಇಷ್ಟೇ, ಅದನ್ನು ಪೂರ್ತಿ ಇಡಿ.

ಮೈಸೂರು_ಸ್ಯಾನ್‌ಆಂಟೋನಿಯೊ:

ಓದಿ ಹೇಳಿದೆ. ಎರಡೂ ಪದ ಮರದಲ್ಲಿ ಇರಲಿ, ಪಕ್ಕದಲ್ಲಿ 1796ರ ಮದುವೆ, ದಿಸ್ಪೆನ್ಸಾ ಎರಡನ್ನೂ ಬರೆಯೋಣ ಅಂತ ಅತ್ತೆಯೇ ಮಗಳಿಗೆ ಹೇಳಿದರು. ತ್ರೋಂಕೊ ಜಾಗದಲ್ಲಿರುವ ಮೂಲಪುರುಷನ ಹೆಸರು ಸ್ಪಷ್ಟವಾಗಿದೆ, ಹೆಸರಿಗೆ ಮುಂಚೆ 'ದೋನ್' ಅನ್ನೋ ಗೌರವದ ಮಾತು ಬೇರೆ ಇದೆ. ಅವನಿಂದ ಹಿಂದಕ್ಕೆ ಹೋಗೋದು ಹೇಗೆ?

ಕಡತ_ಓದುವವ:

ದೋನ್ ಅಂತ ಇದ್ದರೆ ಸ್ವಲ್ಪ ಅನುಕೂಲಸ್ಥ ಇರಬಹುದು, ಹಾಗಾಗಿ ಉಯಿಲು ಹುಡುಕಿ. ಸಾಲ್ತಿಯೊ ಪುರಸಭೆಯ ಕಡತಾಗಾರದಲ್ಲಿ ಉಯಿಲುಗಳದ್ದೇ ಬೇರೆ ವಿಭಾಗ ಇದೆ, 'ತೆಸ್ತಮೆಂತೋಸ್' ಅಂತ ಕೇಳಿ. ಉಯಿಲಿನ ಮೊದಲ ಪುಟ ಬರೀ ದೇವರ ಪ್ರಾರ್ಥನೆ, ಅದನ್ನು ದಾಟಿ. 'ಇಹೊ ಲೆಹಿತಿಮೊ ದೆ' ಅಂತ ಶುರು ಆಗುವ ಜಾಗದಲ್ಲಿ ಅವನ ತಂದೆ ತಾಯಿ, ಹುಟ್ಟೂರು ಇರುತ್ತದೆ. ಮುಂದೆ 'ದೋತೆ' ಹೆಂಡತಿ ತಂದ ವರದಕ್ಷಿಣೆ, 'ಅಲ್ಬಾಸೆಯಾ' ಉಯಿಲು ಜಾರಿ ಮಾಡುವವನು, ಹೆಚ್ಚಾಗಿ ಮಗ ಇಲ್ಲಾ ಅಳಿಯ. ಸತ್ತ ಮಕ್ಕಳ ಹೆಸರನ್ನೂ ಹೇಳಿರುತ್ತಾರೆ. ಹಾಳೆ ನಂಬರಿನ ಪಕ್ಕ 'ವುವೆಲ್ತಾ' ಅಂತ ಇದ್ದರೆ ಹಾಳೆಯ ಹಿಂಬದಿ, ಕಡತದವರಿಗೆ ಕೇಳುವಾಗ ಅದನ್ನೂ ಸೇರಿಸಿ ಬರೆಯಿರಿ. ಅಷ್ಟು ಹಿಂದಿನದಾದರೆ ಅಕ್ಷರ 'ಪ್ರೊಸೆಸಾಲ್' ಶೈಲಿಯದ್ದೂ ಇರಬಹುದು, ಪದಗಳ ನಡುವೆ ಜಾಗ ಇಲ್ಲದೆ ಸರಪಳಿ ಥರ ಕೂಡಿಕೊಂಡಿರುತ್ತದೆ. ಮೊದಲ ಪುಟ ಸಿಕ್ಕ ತಕ್ಷಣ ಹೆಸರು ಬಿಟ್ಟು ಇಲ್ಲೇ ಹಾಕಿ, ಒಟ್ಟಿಗೇ ಓದೋಣ.